ನಾಲ್ಕನೇ ಜ್ವರವೂ ಮೈಸೂರಿನ ಪಿಟೀಲು ಪರೀಕ್ಷೆಯೂ

ಅಶ್ವತ್ಥಮ್ಮನಿಗೆ ಕೂತು ಕನಸು ಕಾಣುವಷ್ಟು ಪುರಸೊತ್ತಿರಲಿಲ್ಲ. ಆದ್ದರಿಂದ ಸೊಪ್ಪು ಕತ್ತರಿಸುತ್ತಲೇ ಕಾಣುತ್ತಿದ್ದಳು.

ಜಂಗಮಕೋಟೆಯ ಆವಲಪ್ಪನ ಮನೆಯಲ್ಲಿ ಮುಂದಿನ ಎರಡು ಅಂಕಣ ಮನುಷ್ಯರದು, ಹಿಂದಿನ ಮೂರು ಅಂಕಣ ರೇಷ್ಮೆಹುಳುಗಳದು. (ಗಾಳಿ ಬೆಳಕು ಚೆನ್ನಾಗಿದ್ದದ್ದು ಹಿಂದಿನ ಭಾಗದಲ್ಲಿ. ಮನುಷ್ಯರು ಹೇಗೋ ಬದುಕಿಕೊಳ್ಳುತ್ತಾರೆ ಎಂಬುದು ಆವಲಪ್ಪನ ಸಿದ್ಧಾಂತ.) ಆವಲಪ್ಪನ ಕೈಹಿಡಿದು ಆ ಮನೆಗೆ ಸೊಸೆಯಾಗಿ ಬಂದ ದಿನದಿಂದ ಅಶ್ವತ್ಥಮ್ಮನ ಕೈ ಹಿಪ್ಪುನೇರಳೆ ಸೊಪ್ಪಿನ ಮೇಲೆ ಓಡುತ್ತಿತ್ತು, ಮನಸ್ಸು ಮಾತ್ರ ಪಂಚಾಯಿತಿ ಕಟ್ಟೆಯ ರೇಡಿಯೋದ ಹತ್ತಿರ ಹೋಗಿ ಕೂತುಬಿಡುತ್ತಿತ್ತು. ಕನಸಿನ ಆ ರೇಡಿಯೋದಲ್ಲಿ ಒಬ್ಬರು ಅವಳ ಮಗಳ ಹೆಸರನ್ನು ಗಂಭೀರವಾಗಿ ಹೇಳುತ್ತಿದ್ದರು: "ಈಗ ಪಿಟೀಲು ವಾದನ. ನುಡಿಸುತ್ತಿರುವವರು ಜಂಗಮಕೋಟೆ ಅನಸೂಯ." ಜಂಗಮಕೋಟೆ ಎಂದ ಮೇಲೆ ಅವರು ಒಂದು ಉಸಿರು ನಿಲ್ಲಿಸುತ್ತಿದ್ದರು. ಶಿಡ್ಲಘಟ್ಟದವರಿಗೂ ಚಿಕ್ಕಬಳ್ಳಾಪುರದವರಿಗೂ ಅದು ಸರಿಯಾಗಿ ಕಿವಿಗೆ ಬೀಳಲಿ ಎಂದು. ಚಿಂತಾಮಣಿಯಲ್ಲಿದ್ದ ಅಶ್ವತ್ಥಮ್ಮನ ಅಕ್ಕನ ಮನೆಯಲ್ಲಿ ಎಲ್ಲರೂ ಊಟದ ಕೈ ತೊಳೆಯುವುದನ್ನೂ ಮರೆತು ಕೂತು ಕೇಳುತ್ತಿದ್ದರು. ಆಮೇಲೆ ಕನಸು ದೊಡ್ಡ ಸಭೆಗೆ ಹೋಗುತ್ತಿತ್ತು. ಮುಂದಿನ ಸಾಲಿನಲ್ಲಿ ಅಶ್ವತ್ಥಮ್ಮ. ಆನಂದಬಾಷ್ಪ ಒರೆಸಿಕೊಳ್ಳಬೇಕಾದ ಸೆರಗು ಯಾವುದೆಂಬುದೂ ತೀರ್ಮಾನವಾಗಿತ್ತು: ಎಲೆಹಸಿರಿನ ಮೇಲೆ ಅರಿಸಿನದ ಅಂಚು.

ಕನಸು ಬೆಳೆಯುವುದಕ್ಕೆ ಕಾರಣವೂ ಇತ್ತು. ಮಗಳು ಅನಸೂಯ ಆರು ವರ್ಷದಿಂದ ಪಿಟೀಲು ಅಭ್ಯಾಸ ಮಾಡುತ್ತಿದ್ದರೂ ತಾಯಿ ಒಂದು ಸಲವೂ ಮೊದಲಿನಿಂದ ಕೊನೆಯವರೆಗೆ ಕೂತು ಕೇಳಿರಲಿಲ್ಲ. ಗೋಡೆಯಾಚೆಯಿಂದ ನಾಲ್ಕು ಸ್ವರ ಬರುವುದು, ಅಷ್ಟರಲ್ಲಿ ಹುಳುವಿನ ತಟ್ಟೆ ಬದಲಾಯಿಸುವ ಹೊತ್ತಾಗುವುದು. ತಟ್ಟೆ ಬದಲಾಯಿಸಿ ಬಂದರೆ ಹುಡುಗಿ ಪೆಟ್ಟಿಗೆ ಮುಚ್ಚಿರುವುದು. ಎರಡನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟ ಅಶ್ವತ್ಥಮ್ಮ ಮಗಳ ಸಂಗೀತವನ್ನು ಚೂರುಚೂರಾಗಿಯೇ ಕೇಳಿದ್ದಳು, ಕತ್ತರಿಸಿದ ಸೊಪ್ಪಿನ ಹಾಗೆ. ಒಂದೇ ಒಂದು ಸಲ ಪೂರ್ತಿ ಕೇಳಬೇಕು. ಅವಳ ಆಸೆ ಇಷ್ಟೇ. ಮಿಕ್ಕದ್ದೆಲ್ಲ ಅದಕ್ಕೆ ಹಾಕಿದ ಒಗ್ಗರಣೆ.

ಅರವತ್ತಾರನೇ ಇಸವಿಯ ಬೇಸಿಗೆಯಲ್ಲಿ ಅನಸೂಯ ಎಸ್ಸೆಸ್ಸೆಲ್ಸಿ ಪಾಸಾದಳು. ಪಿಟೀಲು ಕಲಿಸುತ್ತಿದ್ದ ಕೊಂಡಪ್ಪ ಮೇಷ್ಟರು ಶನಿವಾರದ ಬಸ್ಸಿಗೆ ಶಿಡ್ಲಘಟ್ಟದಿಂದ ಬಂದು, ಮಜ್ಜಿಗೆ ಕುಡಿದು, ಲೋಟ ಕೆಳಗಿಟ್ಟು ಹೇಳಿದರು: "ನನ್ನ ಬಾವಿ ಬತ್ತೋಯ್ತು ಕಣಮ್ಮಾ. ತಳ ಕಾಣೋವರ್ಗೂ ಸೇದಿದೀಯ. ಇನ್ನು ನೀನು ದೊಡ್ಡ ಕೆರೆಗೇ ಹೋಗ್ಬೇಕು." ದೊಡ್ಡ ಕೆರೆ ಎಂದರೆ ವಿಶ್ವವಿದ್ಯಾನಿಲಯ. ಮೇಷ್ಟರು ಅಷ್ಟಕ್ಕೇ ಸುಮ್ಮನಾಗದೆ ಮೂರು ಕಡೆಗೆ ಕಾಗದ ಬರೆದು ಮೂರು ಪುಸ್ತಕ ತರಿಸಿಕೊಟ್ಟರು: ಮೈಸೂರು, ಮದ್ರಾಸು, ತಿರುಪತಿ. ಮೂರೂ ಇಂಗ್ಲಿಷಿನಲ್ಲಿದ್ದವು. ಆದ್ದರಿಂದ ಅವನ್ನು ಓದಲಾರದವರೆಲ್ಲ ಕೂಡಲೇ ಅಭಿಪ್ರಾಯ ಕೊಡಲು ಸಿದ್ಧರಾದರು.

"ತಿರುಪತಿ," ಎಂದಳು ಅಶ್ವತ್ಥಮ್ಮನ ಅತ್ತೆ ಪೆದ್ದಮ್ಮ. "ಬ್ಯಾರೆ ಮಾತೇ ಬ್ಯಾಡ. ಸ್ವಾಮಿ ಪಾದದ ಹತ್ರ ಇರೋ ಕಾಲೇಜು. ಹುಡುಗಿ ಕಲ್ತಂಗೂ ಆಯ್ತು, ನಾನು ತಿಂಗಳಿಗೊಂದು ದರ್ಶನ ಮಾಡ್ದಂಗೂ ಆಯ್ತು."

"ಕಲಿಯಕ್ಕೆ ಹೋಗೋದು ಅವಳೋ ನೀವೋ ಅತ್ತೆ?"

"ಏಮ್ಮಾ, ದೇವರ ಹೆಸರು ಎತ್ತಿದ್ರೆ ನಿನಗ್ಯಾಕೆ ಅಷ್ಟು ಉರಿ?"

ಕೊಂಡಪ್ಪ ಮೇಷ್ಟರು ನಡುವೆ ಬಂದರು. "ಪೆದ್ದಮ್ಮನೋರೇ, ಯೋಚ್ನೆ ಮಾಡಿ. ಹುಡುಗಿ ತಿರುಪತೀಲಿ ಇದಾಳೆ ಅಂತ ಗೊತ್ತಾದ್ರೆ ಗೌರಿಬಿದನೂರಿಂದ ಚಿಂತಾಮಣಿವರ್ಗೂ ಇರೋ ನಿಮ್ಮ ನೆಂಟರೆಲ್ಲ ಮುಡಿ ಕೊಡಕ್ಕೆ ಬಂದು ಅವಳ ರೂಮಲ್ಲೇ ಇಳ್ಕೋತಾರೆ. ಅವಳು ಪಿಟೀಲು ಕಲೀತಾಳೋ, ಬಂದೋರ ಬೋಳುತಲೆಗೆ ನೀರು ಕಾಯಿಸ್ತಾಳೋ?"

ಪೆದ್ದಮ್ಮ ನೆಂಟರನ್ನು ಮನಸ್ಸಿನಲ್ಲೇ ಎಣಿಸಿದಳು. ಎಣಿಕೆ ಮುಗಿಯುವ ಮೊದಲೇ ತಿರುಪತಿ ಬಿದ್ದುಹೋಯಿತು.

ಆವಲಪ್ಪನದು ಮದ್ರಾಸು. ನಮ್ಮ ಕಡೆಯ ರೇಷ್ಮೆಯೆಲ್ಲ ಅತ್ತ ಕಡೆಗೆ ಹೋಗುತ್ತದೆ, ಮಗಳೂ ಹೋಗಲಿ ಎಂಬುದು ಅವನ ವಾದ. ಆದರೆ ಅಲ್ಲಿ ಸೆಖೆ ಹೇಗಿರುತ್ತದೆಂದು ಮೇಷ್ಟರು ವರ್ಣಿಸಿದ ಕೂಡಲೇ ತಾನೇ ಹಿಂದೆ ಸರಿದ. "ಅಂಥ ಧಗೇಲಿ ಹುಳು ಬದುಕಲ್ಲ. ಹುಳು ಬದುಕದ ಊರಲ್ಲಿ ಮಕ್ಕಳು ಬದುಕ್ತವಾ?" (ಆವಲಪ್ಪ ಜಗತ್ತಿನ ಯಾವ ಪ್ರಶ್ನೆಯನ್ನಾದರೂ ಮೊದಲು ಹುಳುಗಳಿಗೆ ಒಪ್ಪಿಸಿ ಆಮೇಲೆ ಮನುಷ್ಯರಿಗೆ ತರುತ್ತಿದ್ದ.)

ಉಳಿದದ್ದು ಮೈಸೂರು. ಅನಸೂಯ ಮೂರು ಪುಸ್ತಕವನ್ನೂ ಓದಿದ್ದವಳು. ಯಾರು ಏನೇನು ಕಲಿಸುತ್ತಾರೆ, ಬಾಯಿಪಾಠ ಎಷ್ಟು, ಪಿಟೀಲು ಹಿಡಿದು ಕೂರುವುದು ಎಷ್ಟು ಎಂದೆಲ್ಲ ಲೆಕ್ಕ ಹಾಕಿ, "ನನಗೂ ಮೈಸೂರೇ ಸರಿ ಅನ್ಸತ್ತೆ," ಎಂದಳು. ಅಶ್ವತ್ಥಮ್ಮ ಪುಸ್ತಕದ ರಟ್ಟಿನ ಮೇಲಿನ ಚಿತ್ರವನ್ನು ಮಾತ್ರ ನೋಡಿದ್ದಳು. ಅದರಲ್ಲಿ ಒಂದು ದೊಡ್ಡ ಕಟ್ಟಡ, ಅದರ ಮುಂದೆ ಅಗಲವಾದ ಮೆಟ್ಟಿಲು. ಆ ಮೆಟ್ಟಿಲನ್ನು ಅವಳು ಸೊಪ್ಪು ಕತ್ತರಿಸುತ್ತ ಅದೆಷ್ಟು ಸಲ ಹತ್ತಿದಳೋ! ಕೊನೆಕೊನೆಗೆ ಮಂಡಿನೋವು ಬರುವಷ್ಟು ಹತ್ತಿದ್ದಳು.

ಅರ್ಜಿ ಹೋಯಿತು. ಜೂನ್ ತಿಂಗಳಲ್ಲಿ ಉತ್ತರವೂ ಬಂತು: ಹದಿನಾರನೇ ತಾರೀಕು ಗುರುವಾರ ಬೆಳಿಗ್ಗೆ, ಹುಡುಗಿ ಪಿಟೀಲಿನೊಂದಿಗೆ ಬಂದು ನುಡಿಸಿ ತೋರಿಸಬೇಕು. ಜೊತೆಗೆ ಪೋಷಕರು ಒಬ್ಬರಿರಬೇಕು.

"ಆ ಒಬ್ಬರು ನಾನೇ," ಎಂದಳು ಅಶ್ವತ್ಥಮ್ಮ.

"ಗುರುವಾರಾನಾ?" ಆವಲಪ್ಪ ಬೆರಳು ಮಡಚಿದ. "ಆಗಲ್ಲ ಕಣೇ. ನಾಳೆ ಹುಳು ನಾಲ್ಕನೇ ಜ್ವರಕ್ಕೆ ಹೋಗ್ತವೆ. ಏಳೋದು ಗುರುವಾರ."

ರೇಷ್ಮೆ ಸೀಮೆಯವರಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ಹುಳು ಹುಟ್ಟಿದ ಮೇಲೆ ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿಕೊಂಡು, ಅಲುಗಾಡದೆ ನಿದ್ದೆ ಹೋಗುತ್ತದೆ. ಹಳೇ ಚರ್ಮ ಕಳಚಿ ಏಳುತ್ತದೆ. ಆ ನಿದ್ದೆಗೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಮೈ ಬಿಸಿಯೂ ಇಲ್ಲ, ಕಷಾಯವೂ ಇಲ್ಲ, ಹೆಸರು ಮಾತ್ರ ಜ್ವರ. ನಾಲ್ಕನೇ ಜ್ವರದಿಂದ ಎದ್ದ ಹುಳುವಿನ ಹಸಿವು ರಾಕ್ಷಸ ಹಸಿವು. ಆಗ ಮೊದಲ ಸೊಪ್ಪನ್ನು ಕೈಗುಣ ಇದ್ದವರೇ ಹಾಕಬೇಕು. ಆವಲಪ್ಪನ ಮನೆಯಲ್ಲಿ ಆ ಕೈ ಅಶ್ವತ್ಥಮ್ಮನದು. ಒಂದು ಸಲ ಆವಲಪ್ಪ ಹಾಕಿ ಅರ್ಧ ಬೆಳೆ ಹೋಗಿತ್ತು. ಅವನು ಅದನ್ನು ಹವೆಯ ತಲೆಗೆ ಕಟ್ಟಿದ್ದ.

"ಹಂಗಾದ್ರೆ ಬೇರೆ ದಿನ ಕೇಳೋಣ," ಎಂದಳು ಅಶ್ವತ್ಥಮ್ಮ. "ತಂತಿ ಕೊಡಣ ನಡೀರಿ."

ಮಾರನೆಯ ದಿನ ಇಬ್ಬರೂ ಶಿಡ್ಲಘಟ್ಟಕ್ಕೆ ಹೋದರು. ಅಂಚೆಕಚೇರಿಯ ಜಗಲಿಯಲ್ಲಿ ಕೂತು ಊರವರಿಗೆಲ್ಲ ಇಂಗ್ಲಿಷಿನಲ್ಲಿ ಅರ್ಜಿ, ತಂತಿ ಬರೆದುಕೊಡುತ್ತಿದ್ದವನು ಮುನಿಶಾಮಿ. ಅಶ್ವತ್ಥಮ್ಮ ಅವನ ಮುಂದೆ ಕೂತು ಶುರುಮಾಡಿದಳು: "ಮಹಾಸ್ವಾಮಿಯವರ ಪಾದಗಳಿಗೆ. ನಮ್ಮ ಮನೆಯ ಹುಳುಗಳು ಎಲ್ಲವೂ ದೇವರ ದಯದಿಂದ..."

"ಅಕ್ಕಾ, ಇದು ತಂತಿ ಕಣಕ್ಕಾ, ಹರಿಕಥೆ ಅಲ್ಲ," ಎಂದ ಮುನಿಶಾಮಿ. "ಎಷ್ಟು ಚಿಕ್ಕದಾದ್ರೆ ಅಷ್ಟು ಚೆಂದ."

ಅಲ್ಲಿಂದ ಮೂವರೂ ಸೇರಿ ತಂತಿಗೆ ಕತ್ತರಿ ಹಾಕಲು ಕೂತರು. ಮಹಾಸ್ವಾಮಿ ಹೋದರು. ಪಾದ ಹೋಯಿತು. ದೇವರ ದಯವೂ ಹೋಯಿತು.

"ಹುಳು ಅನ್ನೋದನ್ನೂ ತೆಗಿ," ಎಂದ ಆವಲಪ್ಪ. "ನಾಲ್ಕನೇ ಜ್ವರ ಅಂದ್ಮೇಲೆ ಹುಳಕ್ಕಲ್ದೆ ಇನ್ಯಾರಿಗೆ ಬರ್ತದೆ?"

"ಅದೂ ನಿಜವೇ," ಎಂದ ಮುನಿಶಾಮಿ. ಅವನ ಮನೆಯಲ್ಲೂ ಹುಳು. ಅವಕ್ಕೆ ಆಗ ಮೂರನೇ ಜ್ವರ.

"ಎಷ್ಟೇ ಆಗ್ಲಿ ಓದಿದೋರು. ಅಷ್ಟು ಗೊತ್ತಾಗಲ್ವಾ?" ಎಂದು ಅಶ್ವತ್ಥಮ್ಮನೂ ಒಪ್ಪಿದಳು.

ಹೀಗೆ ಮೈಸೂರಿಗೆ ಹೋದ ತಂತಿ ಇಷ್ಟು: ಮನೆಯಲ್ಲಿ ನಾಲ್ಕನೇ ಜ್ವರ. ಎದ್ದ ಮೇಲೆ ಅನಸೂಯ ಬರುತ್ತಾಳೆ. ಬೇರೆ ದಿನ ಕೊಡಿ.

ಎರಡು ದಿನ ಬಿಟ್ಟು ಜಂಗಮಕೋಟೆಗೆ ಉತ್ತರದ ತಂತಿ ಬಂತು. ತಂತಿಯವನ ಸೈಕಲ್ಲು ಮನೆ ಮುಂದೆ ನಿಂತದ್ದೇ ತಡ, ಪೆದ್ದಮ್ಮ ಅಂಗಳದಲ್ಲಿ ಕುಸಿದು, "ಅಯ್ಯೋ ದೇವುಡಾ! ನಮ್ಮ ವಿದುರಾಶ್ವತ್ಥದ ಅಕ್ಕ ಹೋದ್ಲಲ್ಲಪ್ಪಾ! ಮೊನ್ನೆ ಮೊನ್ನೆ ಹುಣಿಸೆಹಣ್ಣು ಕಳಿಸಿದ್ಲಲ್ಲಪ್ಪಾ!" ಎಂದು ರಾಗ ತೆಗೆದಳು. ನೆರೆಹೊರೆಯವರು ಬಂದು ಸೇರಿದರು. ಒಬ್ಬಳಂತೂ ಹೋದವಳ ಗುಣಗಾನವನ್ನು ಆಗಲೇ ಶುರುಮಾಡಿದ್ದಳು. ಅನಸೂಯ ಕಾಗದ ಬಿಚ್ಚಿ, "ಅಜ್ಜೀ, ಇದು ಕಾಲೇಜಿಂದು!" ಎಂದು ಮೂರು ಸಲ ಕೂಗಬೇಕಾಯಿತು. ವಿದುರಾಶ್ವತ್ಥದ ಅಕ್ಕ ಬದುಕಿದ್ದಾಳೆಂದು ತಿಳಿದು ಪೆದ್ದಮ್ಮನಿಗೆ ಸಮಾಧಾನವಾಯಿತು. ಸೇರಿದ್ದವರಿಗೆ ಸ್ವಲ್ಪ ನಿರಾಸೆಯಾಯಿತು.

ಅನಸೂಯ ಓದಿ ಹೇಳಿದಳು: "ತುಂಬಾ ವಿಷಾದ. ಪೂರ್ತಿ ವಾಸಿಯಾದ ಮೇಲೆ ಬನ್ನಿ. ಇಪ್ಪತ್ತೊಂದನೇ ತಾರೀಕು. ಆರೋಗ್ಯದ ಸರ್ಟಿಫಿಕೇಟು ತನ್ನಿ."

ಅಶ್ವತ್ಥಮ್ಮನ ಕಣ್ಣು ತೇವವಾಯಿತು. "ನೋಡ್ರೀ ಹೆಂಗೆ ಕೇಳಿದಾರೆ! ಯಾರ ಮನೆ ಹುಳೂನೋ, ಅದು ವಾಸಿಯಾಗ್ಲಿ ಅಂತಾರಲ್ಲ. ಕಾಲೇಜು ಅಂದ್ರೆ ಇದು."

"ಅಮ್ಮಾ, ಸರ್ಟಿಫಿಕೇಟು ನನ್ನದೇ ಕೇಳ್ತಿದಾರೇನೋ," ಎಂದಳು ಅನಸೂಯ ಅನುಮಾನದಿಂದ.

"ನಿನಗೇನಾಗಿದೆ? ಗುಂಡುಕಲ್ಲು ಇದ್ದಂಗೆ ಇದೀಯ. ಜ್ವರ ಬಂದಿರೋದು ಹುಳಕ್ಕೆ."

ಆವಲಪ್ಪ ರೇಷ್ಮೆ ಇಲಾಖೆಯವನ ಹಾಗೆ ಗಂಟಲು ಸರಿಮಾಡಿಕೊಂಡ. "ಅದರಲ್ಲಿ ಅರ್ಥ ಐತಮ್ಮಾ. ಮೈಸೂರು ಕಡೆಯೂ ಹುಳು ಸಾಕ್ತಾರೆ. ರೋಗ ಇರೋ ಹುಳುಮನೆಯಿಂದ ಯಾರಾದ್ರೂ ಬಂದ್ರೆ ಅಲ್ಲಿಗೂ ಅಂಟ್ಕೋತದೆ. ಅದಕ್ಕೇ ಮುಂಚೇನೇ ಕೇಳ್ತಾರೆ. ಸರ್ಕಾರದೋರು ಸುಮ್ನೆ ಕೇಳ್ತಾರಾ?"

ಇಷ್ಟು ಬುದ್ಧಿವಂತಿಕೆಯ ಮಾತು ಕೇಳಿ ಅನಸೂಯ ತಂತಿಯ ಕಾಗದವನ್ನು ಮಡಚಿ ಅಪ್ಪನ ಕೈಗೇ ಕೊಟ್ಟಳು.

ರೇಷ್ಮೆ ಇಲಾಖೆಯ ಇನ್ಸ್‌ಪೆಕ್ಟರು ಒಳ್ಳೆಯವರು. ಹುಳು ಎದ್ದ ಮಾರನೆಯ ದಿನ ಮನೆಗೇ ಬಂದು, ತಟ್ಟೆತಟ್ಟೆಯನ್ನೂ ನೋಡಿ, ಕಾಲೇಜಿಗೆ ಇದ್ಯಾಕೆ ಎಂದು ಒಮ್ಮೆ ಕೇಳಿ, ಆವಲಪ್ಪನ ವಿವರಣೆ ಉದ್ದವಾಗತೊಡಗಿದ್ದರಿಂದ ಎರಡನೇ ಸಲ ಕೇಳದೆ, ಇಂಗ್ಲಿಷಿನಲ್ಲಿ ಬರೆದು, ಮೊಹರು ಹಾಕಿ, ಲಕೋಟೆ ಅಂಟಿಸಿ ಕೊಟ್ಟರು.

ಹುಳುಗಳ ಹಸಿವಿಗೆ ಕೊನೆಯಿರಲಿಲ್ಲ. ಅವು ಎದ್ದ ದಿನದಿಂದ ನಾಲ್ಕು ದಿನ ಅಶ್ವತ್ಥಮ್ಮ ದಿಂಬಿಗೆ ತಲೆ ಕೊಡಲಿಲ್ಲ. ಸೊಪ್ಪು ತರುವುದು, ಹಾಕುವುದು, ಕಸ ತೆಗೆಯುವುದು, ಮತ್ತೆ ಸೊಪ್ಪು. ತಟ್ಟೆಗಳಿಂದ ಏಳುವ ಚರಚರ ಸದ್ದು ಅವಳ ಕಿವಿಯಲ್ಲಿ ಗೂಡು ಕಟ್ಟಿಬಿಟ್ಟಿತು. ಐದನೇ ದಿನ ಗಂಡನ ತಂಗಿ ಅಕ್ಕಯ್ಯಮ್ಮ ಕಳವಾರದಿಂದ ಬಂದು ಸೆರಗು ಕಟ್ಟಿ ನಿಂತಳು. "ಹೋಗ್ಬಾ ಅತ್ತಿಗೆ. ನಾನಿದೀನಿ. ಅಣ್ಣನ್ನ ಒಳಗೆ ಬಿಡಲ್ಲ."

ಎಲೆಹಸಿರು ಸೀರೆ ಉಟ್ಟು, ಪಿಟೀಲಿನ ಪೆಟ್ಟಿಗೆಯನ್ನು ಹಸುಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು, ಬೆಂಗಳೂರಿನವರೆಗೆ ಬಸ್ಸಿನಲ್ಲಿ, ಅಲ್ಲಿಂದಾಚೆಗೆ ರೈಲಿನಲ್ಲಿ ಅಶ್ವತ್ಥಮ್ಮ ಮಗಳೊಂದಿಗೆ ಮೈಸೂರಿಗೆ ಹೋದಳು. ಕಿಟಕಿಯಾಚೆ ಹಸಿರು ಗದ್ದೆಗಳು ತೇಲುತ್ತಿದ್ದವು. ನಿದ್ದೆ ಬಂದರೆ ಎಲ್ಲಿ ಮಂಡ್ಯ ನೋಡುವುದು ತಪ್ಪಿಹೋಗುತ್ತದೋ ಎಂದು ಕಣ್ಣರಳಿಸಿ ಕೂತಳು. ಮಾರನೆಯ ಬೆಳಿಗ್ಗೆ ಕಾಲೇಜಿನ ಮೆಟ್ಟಿಲುಗಳು ಬಂದವು. ಚಿತ್ರದಲ್ಲಿದ್ದುದಕ್ಕಿಂತ ಕಡಿಮೆಯೇ ಇದ್ದವು. ಆದರೂ ಅವಳು ಒಂದೊಂದರ ಮೇಲೂ ಎರಡು ಕಾಲನ್ನೂ ಇಟ್ಟು, ನಿಂತು, ಹತ್ತಿದಳು.

ಒಳಗೆ ಮೇಜಿನ ಹಿಂದೆ ಮೂವರು: ಕೋಟು ಹಾಕಿದ ಅಧ್ಯಕ್ಷರು, ಕನ್ನಡಕದ ಒಬ್ಬ ಉಪಾಧ್ಯಾಯಿನಿ, ಪೇಟ ಕಟ್ಟಿದ ವಯಸ್ಸಾದ ವಿದ್ವಾಂಸರು.

ಅಧ್ಯಕ್ಷರು ಅನಸೂಯಳನ್ನು ನೋಡಿ ಕನಿಕರದಿಂದ, "ಜ್ವರ ಬಿಡ್ತೇನಮ್ಮಾ?" ಎಂದರು.

ಅನಸೂಯ ಬಾಯಿ ತೆರೆಯುವ ಮೊದಲೇ ತಾಯಿ ಹೇಳಿದಳು: "ಬಿಡ್ತು ಸ್ವಾಮಿ. ನಿಮ್ಮ ಆಶೀರ್ವಾದ. ಎಲ್ಲಾ ಒಟ್ಟಿಗೇ ಎದ್ವು."

"ಎಲ್ಲಾ ಅಂದ್ರೆ? ಮನೇಲಿ ಎಷ್ಟು ಜನಕ್ಕೆ ಬಂದಿತ್ತು?"

"ಒಂದಿಪ್ಪತ್ತು ಸಾವಿರ ಇರ್ಬೋದು."

ಉಪಾಧ್ಯಾಯಿನಿ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದರು. ಅಧ್ಯಕ್ಷರು, ಪಾಪ, ಹಳ್ಳಿಯ ಹೆಂಗಸು ಗಾಬರಿಯಾಗಿದ್ದಾಳೆ ಎಂದುಕೊಂಡು ಲಕೋಟೆ ಒಡೆದು ಒಂದೊಂದೇ ಸಾಲನ್ನು ಕನ್ನಡಕ್ಕೆ ಇಳಿಸುತ್ತ ಓದಿದರು: "ಪರೀಕ್ಷಿಸಿದ್ದೇನೆ. ನಾಲ್ಕನೇ ಜ್ವರದಿಂದ ಎದ್ದು ಆರೋಗ್ಯವಾಗಿದೆ. ಹಸಿವು ಬಹಳ ಚೆನ್ನಾಗಿದೆ. ದಿನಕ್ಕೆ ಐದು ಸಲ... ಸೊಪ್ಪು ತಿನ್ನುತ್ತದೆ." ಅವರು ಅನಸೂಯಳನ್ನು ಮೇಲಿಂದ ಕೆಳಗೆ ನೋಡಿದರು. "ಚರ್ಮ ಪೂರ್ತಿ ಕಳಚಿದೆ. ಇನ್ನು ಆರು ದಿನದಲ್ಲಿ ಚಂದ್ರಿಕೆಗೆ ಹೋಗುತ್ತದೆ." ಕಾಗದ ಕೆಳಗಿಟ್ಟರು. "ಚಂದ್ರಿಕೆ ಯಾವ ಊರಮ್ಮಾ? ಆರು ದಿನಕ್ಕೆ ಅಲ್ಲಿಗೆ ಹೊರಟುಹೋಗೋ ಹುಡುಗಿಗೆ ಇಲ್ಲಿ ಸೀಟು ಯಾಕೆ? ಮದುವೆ ಗಿದುವೆ ಗೊತ್ತಾಗಿದೆಯಾ?"

"ಸಾರ್, ಅದು ನಾನಲ್ಲ ಸಾರ್, ಹುಳ!" ಅನಸೂಯಳಿಗೆ ಅಳುವೂ ನಗುವೂ ಒಟ್ಟಿಗೆ ಬಂದವು.

ಪೇಟದ ವಿದ್ವಾಂಸರು ಮೇಜಿನ ಮೇಲೆ ಬಿದ್ದುಬಿದ್ದು ನಗತೊಡಗಿದರು. ಅವರ ಅಜ್ಜಿಯ ಮನೆಯಲ್ಲಿ ಹುಳು ಸಾಕುತ್ತಿದ್ದರಂತೆ. ಚಂದ್ರಿಕೆ ಎಂದರೆ ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ ಎಂದು ಅವರೇ ಮಿಕ್ಕ ಇಬ್ಬರಿಗೂ ತಿಳಿಸಿಕೊಟ್ಟರು. ಹೇಳಿ ಮುಗಿಸುವುದರೊಳಗೆ ಎರಡು ಸಲ ಪೇಟ ಸರಿಮಾಡಿಕೊಳ್ಳಬೇಕಾಯಿತು. ಅಶ್ವತ್ಥಮ್ಮನೂ ನಕ್ಕಳು. ಯಾಕೆಂದು ಪೂರ್ತಿ ತಿಳಿಯಲಿಲ್ಲ. ದೊಡ್ಡವರು ನಗುವಾಗ ಸುಮ್ಮನಿರುವುದು ಮರ್ಯಾದೆಯಲ್ಲ.

"ಸರಿ, ನುಡಿಸಮ್ಮಾ," ಎಂದರು ಅಧ್ಯಕ್ಷರು ಕಣ್ಣೊರೆಸಿಕೊಂಡು. "ತಾಯೀ, ನೀವು ಅಲ್ಲಿ ಕೂತ್ಕೊಳ್ಳಿ."

ಅಲ್ಲಿ ಎಂದರೆ ಗೋಡೆಯ ಪಕ್ಕ, ಬೆತ್ತದ ಕೈಕುರ್ಚಿ. ನೆತ್ತಿಯ ಮೇಲೆ ಫ್ಯಾನು. ಅಶ್ವತ್ಥಮ್ಮ ಅಂಥ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಅದು ಅವಳ ಬೆನ್ನನ್ನು ತವರಿನವರ ಹಾಗೆ ಬರಮಾಡಿಕೊಂಡಿತು. ಶ್ರುತಿಪೆಟ್ಟಿಗೆ ಗುಂಯ್ ಎಂದಿತು. ಅನಸೂಯ ಚಕ್ಕಳಮಕ್ಕಳ ಹಾಕಿ ಕೂತು ತಂತಿ ಸರಿಮಾಡಿ ಕಮಾನು ಎತ್ತಿದಳು. ಕೊನೆಗೂ! ಇಲ್ಲಿ ಸೊಪ್ಪಿಲ್ಲ, ತಟ್ಟೆಯಿಲ್ಲ, ಕರೆಯುವವರಿಲ್ಲ. ಮೊದಲಿನಿಂದ ಕೊನೆಯವರೆಗೆ ಕೇಳುವುದೇ. ಅಶ್ವತ್ಥಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಾಷ್ಪಕ್ಕೆ ಸಿದ್ಧವಾಗಿಟ್ಟುಕೊಂಡಳು.

ಮೊದಲ ಸ್ವರ ಬಂತು. ಉದ್ದವಾಗಿ, ನುಣ್ಣಗೆ, ಗೂಡಿನಿಂದ ಬಿಚ್ಚಿದ ಎಳೆಯ ಹಾಗೆ ಬಂತು. ಎಳೆ ಮುರಿಯಲಿಲ್ಲ. ಅದು ಕೋಣೆಯನ್ನು ಒಂದು ಸುತ್ತು ಸುತ್ತಿ, ಫ್ಯಾನನ್ನು ಸುತ್ತಿ, ಅಶ್ವತ್ಥಮ್ಮನನ್ನೂ ಸುತ್ತತೊಡಗಿತು. ಸುತ್ತಿ ಸುತ್ತಿ ಸುತ್ತಲೆಲ್ಲ ತಿಳಿಹಳದಿ ಬೆಳಕಾಯಿತು. ಅದರೊಳಗೆ ಮೆತ್ತಗೆ, ಬೆಚ್ಚಗೆ ಇತ್ತು. ಸಭೆ ತುಂಬಿತ್ತು. ಕುರ್ಚಿಕುರ್ಚಿಯಲ್ಲೂ ಒಂದೊಂದು ಹುಳು, ತಲೆ ಎತ್ತಿಕೊಂಡು, ಅಲುಗಾಡದೆ ಕೇಳುತ್ತಿತ್ತು. ಪೆದ್ದಮ್ಮ ತಿರುಪತಿಯಿಂದ ನೇರವಾಗಿ ಬಂದು ಲಡ್ಡು ಹಂಚುತ್ತಿದ್ದಳು. ಆವಲಪ್ಪ ಜರಿಪೇಟ ಸುತ್ತಿ ಪಕ್ಕದವರಿಗೆ ಹೇಳುತ್ತಿದ್ದ: "ಮೊದಲ ಸೊಪ್ಪು ಹಾಕಿದ್ದು ನನ್ನ ಹೆಂಡ್ತಿ ಕಣ್ರೀ." ರೇಡಿಯೋದವರು ಜಂಗಮಕೋಟೆ ಎಂದು ನಿಲ್ಲಿಸಿದರು. ಆಮೇಲೆ ಚಪ್ಪಾಳೆ, ಇಪ್ಪತ್ತು ಸಾವಿರ ಬಾಯಿ ಒಟ್ಟಿಗೆ ಸೊಪ್ಪಿಗೆ ಬಿದ್ದ ಹಾಗೆ...

"ಅಮ್ಮಾ."

ಅಶ್ವತ್ಥಮ್ಮ ಕಣ್ಣು ಬಿಟ್ಟಳು. ಅನಸೂಯ ಪೆಟ್ಟಿಗೆಯ ಚಿಲಕ ಹಾಕುತ್ತಿದ್ದಳು.

"ಯಾಕೇ ಮುಚ್ತಿದೀಯ? ಬಾರ್ಸಲ್ವಾ?"

"ಬಾರಿಸಿ ಆಯ್ತು ಕಣಮ್ಮಾ."

"ಯಾವಾಗ?"

"ಈಗ. ಮುಕ್ಕಾಲು ಗಂಟೆ."

ಅಶ್ವತ್ಥಮ್ಮ ಮೇಜಿನ ಕಡೆ ನೋಡಿದಳು. ಮೂವರೂ ಅವಳನ್ನೇ ನೋಡುತ್ತಿದ್ದರು. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. "ತಪ್ಪಾಯ್ತು ಸ್ವಾಮಿ. ನನ್ನಿಂದ ಹುಡುಗಿಗೇನೂ..."

"ನಿಮ್ಮಿಂದಲೇ ತಾಯೀ," ಎಂದರು ಪೇಟದ ವಿದ್ವಾಂಸರು. "ಶ್ರುತಿಪೆಟ್ಟಿಗೆ ಒಂದು ಕಡೆ, ನಿಮ್ಮ ಗೊರಕೆ ಇನ್ನೊಂದು ಕಡೆ. ನಿಮ್ಮದು ಸರಿಯಾಗಿ ಅರ್ಧ ಸ್ವರ ಕೆಳಗಿತ್ತು. ನನ್ನ ಶಿಷ್ಯರಲ್ಲಿ ಯಾರೇ ಆಗಿದ್ರೂ ನಿಮ್ಮ ಹಿಂದೇನೇ ಬಂದುಬಿಡೋರು. ಈ ಮಗು ಒಂದೆಳೆ ಜಾರಲಿಲ್ಲ. ಇಷ್ಟು ಕಠಿಣವಾದ ಪರೀಕ್ಷೆ ನಾವು ಇಟ್ಟಿರಲಿಲ್ಲ, ನೀವೇ ಇಟ್ಟಿರಿ. ಸೀಟು ಕೊಟ್ಟಿದೀವಿ."

"ಎಬ್ಬಿಸೋಣ ಅಂದೆ," ಎಂದರು ಉಪಾಧ್ಯಾಯಿನಿ. "ಇವಳೇ, ಎಬ್ಬಿಸ್ಬೇಡಿ, ನಮ್ಮಮ್ಮ ನಾಲ್ಕು ದಿನದಿಂದ ಮಲಗಿಲ್ಲ ಅಂದ್ಲು."

ಅಶ್ವತ್ಥಮ್ಮ ಸೆರಗಿನ ತುದಿ ಹುಡುಕಿದಳು. ಅದು ಬೆರಳಿಗೆ ಸುತ್ತಿಕೊಂಡೇ ಇತ್ತು. ಅಂತೂ ಅದಕ್ಕೆ ಕೆಲಸ ಸಿಕ್ಕಿತು.

ಹಿಂತಿರುಗುವ ರೈಲಿನಲ್ಲಿ ಅವಳಿಗೆ ನಿದ್ದೆಯ ಸುಳಿವೂ ಇರಲಿಲ್ಲ. ನುಡಿಸಿದ್ದು ಯಾವ ರಾಗವೆಂದು ಮಗಳಿಂದ ಕೇಳಿ ತಿಳಿದುಕೊಂಡು, ಮದ್ದೂರಿನಿಂದ ಬೆಂಗಳೂರಿನವರೆಗೆ "ಕಲ್ಯಾಣಿ, ಕಲ್ಯಾಣಿ" ಎಂದು ಬಾಯಿಪಾಠ ಮಾಡಿದಳು. ಎದುರಿಗಿದ್ದ ಅಜ್ಜಿಯೊಬ್ಬಳು, ಕಲ್ಯಾಣಿ ಎಂಬ ಮಗಳನ್ನು ಕಳೆದುಕೊಂಡವಳೇನೋ ಎಂದು ಬಾಳೆಹಣ್ಣು ಕೊಟ್ಟಳು.

ಮನೆಯಲ್ಲಿ ಎಲ್ಲರೂ ಕಾದಿದ್ದರು. ಕೊಂಡಪ್ಪ ಮೇಷ್ಟರು ಶನಿವಾರವಲ್ಲದಿದ್ದರೂ ಬಸ್ಸು ಹತ್ತಿ ಬಂದು ಜಗಲಿಯಲ್ಲಿ ಕೂತಿದ್ದರು. ಸೀಟು ಸಿಕ್ಕಿತೆಂದು ಕೇಳಿ ಅವರಿಗೆ ಮಾತು ಹೊರಡಲಿಲ್ಲ. ಆಮೇಲೆ ಹೊರಟ ಮಾತು ನಿಲ್ಲಲಿಲ್ಲ.

"ಯಾವ ರಾಗ ತಗೊಂಡ್ಲಮ್ಮಾ?"

"ಕಲ್ಯಾಣಿ ಮೇಷ್ಟ್ರೇ."

"ಆಲಾಪನೆ ಹೆಂಗಿತ್ತು?"

"ಹಂಗೇ ತೇಲಿಸ್ಕೊಂಡು ಹೋಗ್ಬಿಡ್ತು. ನಾನು ಎಲ್ಲಿದೀನಿ ಅಂತ ನನಗೇ ಗೊತ್ತಾಗ್ಲಿಲ್ಲ."

ಮೇಷ್ಟರು ತಲೆದೂಗಿದರು. "ಮೇಲಿನ ಸ್ಥಾಯೀಲಿ ಎಲ್ಲಾದ್ರೂ ಅಪಸ್ವರ ಬಂತಾ?"

"ನನ್ನ ಕಿವಿಗಂತೂ ಒಂದೂ ಬೀಳ್ಲಿಲ್ಲ."

ಅನಸೂಯ ಪಿಟೀಲಿನ ಪೆಟ್ಟಿಗೆಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ಒಳಕ್ಕೆ ಓಡಿದಳು.

ಪೆದ್ದಮ್ಮ ಸೊಸೆಯ ಪಕ್ಕದಲ್ಲಿ ಬಂದು ಕೂತು, ಎಂದೂ ಇಲ್ಲದ ಅಕ್ಕರೆಯಿಂದ ಅವಳ ಬೆನ್ನಿನ ಮೇಲೆ ಕೈಯಿಟ್ಟಳು. "ಹೋಗ್ಲಿ ಬಿಡಮ್ಮಾ. ಇಷ್ಟು ವರ್ಷ ಆ ಗೋಡೆ ಹಿಂದೆ ನಿಂತು ಅರ್ಧಂಬರ್ಧ ಕೇಳ್ದೆ. ಈ ಸಲನಾದ್ರೂ ಎದುರಿಗೇ ಕೂತು ನೋಡಿ ಕಣ್ತುಂಬ ಆಯ್ತಾ?"

"ಆಯ್ತು ಅತ್ತೆ," ಎಂದಳು ಅಶ್ವತ್ಥಮ್ಮ. "ಕಣ್ತುಂಬ ಆಯ್ತು."